ಅಟ್ಟದ ಹಂಡೆ ಯಾರದು?

ಪ್ರಶ್ನೆ: ನನಗೆ 41 ವರ್ಷ, ಶಾಲಾ ಶಿಕ್ಷಕಿ. ಮಾವ ತೀರಿಕೊಂಡ ಮೇಲೆ ಸಾಗರದ ಕಡೆಯ ಹಳ್ಳಿಮನೆ ಕೊಟ್ಟು ಅತ್ತೆ ನಮ್ಮಲ್ಲಿಗೇ ಬಂದಿದ್ದಾರೆ. ಜೊತೆಗೆ ಒಂದು ಲಾರಿ ಸಾಮಾನೂ ಬಂತು. ನಮ್ಮದು ಎರಡು ಬೆಡ್‌ರೂಮಿನ ಮನೆ. ಲಾಫ್ಟು, ಸ್ಟೋರ್ ರೂಮು, ಮಂಚದ ಅಡಿ ಎಲ್ಲ ತುಂಬಿ ಈಗ ಮಕ್ಕಳು ಓದುವ ಮೇಜಿನ ಕೆಳಗೂ ಉಪ್ಪಿನಕಾಯಿ ಭರಣಿಗಳು. ಕಳೆದ ತಿಂಗಳು ಅತ್ತೆ ನಾದಿನಿಯ ಮನೆಗೆ ಹೋಗಿದ್ದಾಗ ಲಾಫ್ಟ್ ತೆಗೆಸಿ ಒಂದು ತಾಮ್ರದ ಹಂಡೆ, ನಾಲ್ಕೈದು ಹಿತ್ತಾಳೆ ಪಾತ್ರೆ ಗುಜರಿಗೆ ಹಾಕಿದೆ. ಬಂದವರು ನೋಡಿ ಏನೂ ಅನ್ನಲಿಲ್ಲ. ಅಂದಿನಿಂದ ನನ್ನ ಜೊತೆ ಮಾತೇ ಇಲ್ಲ. ಯಜಮಾನರನ್ನು ಕೇಳಿದರೆ ‘ನೀವಿಬ್ಬರೂ ಏನಾದರೂ ಮಾಡಿಕೊಳ್ಳಿ’ ಅನ್ನುತ್ತಾರೆ. ಮನೆ ಚೊಕ್ಕಟವಾಗಿರಲಿ ಅಂದುಕೊಂಡದ್ದು ತಪ್ಪೇ?
— ಹೆಸರು ಬೇಡ, ಶಿವಮೊಗ್ಗ

ಉತ್ತರ: ಅಂದುಕೊಂಡದ್ದು ತಪ್ಪಲ್ಲ. ಅವರಿಲ್ಲದಾಗ ಹಂಡೆ ಮಾರಿದ್ದು ತಪ್ಪು. ಇದನ್ನು ಮೆತ್ತಗೆ ಹೇಳುವ ದಾರಿ ನನಗೆ ಕಾಣುತ್ತಿಲ್ಲ.

ಇವತ್ತೇ ಗುಜರಿ ಅಂಗಡಿಗೆ ಹೋಗಿ ಬನ್ನಿ. ತೂಕಕ್ಕೆ ಕೊಂಡ ತಾಮ್ರ, ಹಿತ್ತಾಳೆಯನ್ನು ಸಾಕಷ್ಟು ಸೇರಿದ ಮೇಲೆಯೇ ಮುಂದಕ್ಕೆ ಸಾಗಿಸುವ ಅಂಗಡಿಯವರಿದ್ದಾರೆ; ನಿಮ್ಮ ಹಂಡೆ ಇನ್ನೂ ಅಲ್ಲೇ ಬಿದ್ದಿದ್ದರೂ ಬಿದ್ದಿರಬಹುದು. ಇದ್ದರೆ ಕೊಟ್ಟದ್ದಕ್ಕಿಂತ ಹೆಚ್ಚು ತೆತ್ತಾದರೂ ವಾಪಸು ತನ್ನಿ. ಇಲ್ಲದಿದ್ದರೆ ಅತ್ತೆಯ ಎದುರು ಕೂತು, ‘ನಿಮ್ಮನ್ನು ಕೇಳದೆ ಕೊಟ್ಟುಬಿಟ್ಟೆ, ಹುಡುಕಿಕೊಂಡು ಹೋದೆ, ಸಿಗಲಿಲ್ಲ, ತಪ್ಪಾಯಿತು’ ಎಂದು ಹೇಳಿ, ಬಂದ ದುಡ್ಡನ್ನು ಅವರ ಕೈಗೇ ಕೊಡಿ. ಮನೆಯಲ್ಲಿ ಜಾಗವಿರಲಿಲ್ಲ ಎಂಬ ಸಮಜಾಯಿಷಿಯನ್ನು ಅದೇ ಉಸಿರಿನಲ್ಲಿ ಸೇರಿಸಬೇಡಿ.

ಉಳಿದ ಪಾತ್ರೆಗಳನ್ನು ಒಮ್ಮೆ ಕೆಳಗಿಳಿಸಿ, ಅಂಚಿನ ಮೇಲೆ ಕೆತ್ತಿದ ಹೆಸರುಗಳನ್ನು ಓದಿ ನೋಡಿ. ಮದುವೆಗೆ, ಉಪನಯನಕ್ಕೆ ಯಾರು ಕೊಟ್ಟದ್ದು, ಯಾವ ಇಸವಿ ಎಂದು ಚುಕ್ಕೆ ಚುಕ್ಕೆಯಾಗಿ ಬರೆಸುತ್ತಿದ್ದ ಕಾಲದ ಪಾತ್ರೆಗಳವು. ಸೊಸೆಯಾಗಿ ಬಂದವಳಿಗೆ ಆ ದೊಡ್ಡ ಮನೆಯಲ್ಲಿ ತನ್ನದು ಅಂತ ಇದ್ದದ್ದು ತವರಿನ ಪಾತ್ರೆ, ಒಂದು ಟ್ರಂಕು, ಅಷ್ಟೇ. ಗದ್ದೆ ತೋಟದ ಲೆಕ್ಕ ಗಂಡಸರದು, ಉಗ್ರಾಣದ ಕೀಲಿಕೈ ಅತ್ತೆಯದು. ನಿಮ್ಮ ಅತ್ತೆಗೆ ಆ ಕೀಲಿಕೈ ಕೈಗೆ ಬರಲು ಎಷ್ಟು ವರ್ಷ ಹಿಡಿಯಿತೋ ಕೇಳಿ ನೋಡಿ. ಈಗ ಮನೆಯೂ ಹೋಯಿತು, ಯಜಮಾನರೂ ಹೋದರು. ನಿಮಗೆ ಹಳೇ ಸಾಮಾನಾಗಿ ಕಾಣುವುದರ ಮೇಲೆ ಅವರ ಕೊನೆಯ ಯಜಮಾನಿಕೆ ನಿಂತಿದೆ. ಅವರ ಒಂದು ಮಾತಿಲ್ಲದೆ ಯಾವುದೂ ಹೊಸ್ತಿಲು ದಾಟಬಾರದು. ಲಾಫ್ಟು ಖಾಲಿಯಾಗುವುದು ಆರು ತಿಂಗಳು ತಡವಾದರೂ ಚಿಂತೆಯಿಲ್ಲ.

ಇಷ್ಟು ಹೇಳಿದ ಮೇಲೆ ನಿಮ್ಮ ಪರವಾಗಿಯೂ ಒಂದು ಮಾತು. ಹಳ್ಳಿಮನೆಯ ಅಟ್ಟದ ಕೆಳಗೆ ಒಲೆ ಉರಿಯುತ್ತಿತ್ತು. ಮಳೆಗಾಲದ ಥಂಡಿಗೆ ಆ ಬಿಸಿ, ಆ ಹೊಗೆಯೇ ಮದ್ದು. ಬಿತ್ತನೆ ಬೀಜ, ಬೆತ್ತದ ಬುಟ್ಟಿ ಹುಳ ಹಿಡಿಯದೆ ಉಳಿಯುತ್ತಿದ್ದದ್ದು ಅದರಿಂದ. ನಿಮ್ಮ ಸಿಮೆಂಟಿನ ಲಾಫ್ಟಿಗೆ ಹೊಗೆಯೂ ಇಲ್ಲ, ಗಾಳಿಯೂ ಇಲ್ಲ. ಬಾಗಿಲು ಹಾಕಿಟ್ಟರೆ ಒಂದೇ ಮಳೆಗಾಲಕ್ಕೆ ಬೂಷ್ಟು, ಗೋಡೆ ಹಸಿಯಾದರೆ ಗೆದ್ದಲು. ಜಾಗವಿಲ್ಲ ಎಂದರೆ ಅತ್ತೆಗೆ ಅವಮಾನವಾದೀತು, ‘ಮೇಲಿಟ್ಟರೆ ಹಾಳಾಗುತ್ತೆ ಅತ್ತೆ, ಇಳಿಸಿ ನೋಡೋಣ’ ಎಂದರೆ ಒಪ್ಪಿಯಾರು. ಸಾಮಾನು ಕೆಡುವುದನ್ನು ಆ ತಲೆಮಾರಿನವರು ಸಹಿಸುವುದಿಲ್ಲ.

ಇಳಿಸಿದ ಮೇಲೆ ‘ಇದು ಬೇಕಾ?’ ಎಂದು ಕೇಳಬೇಡಿ. ಬೇಕು ಎಂಬ ಒಂದೇ ಉತ್ತರ ಬರುತ್ತದೆ. ‘ಇದನ್ನು ಯಾರಿಗೆ ಕೊಡೋಣ?’ ಎಂದು ಕೇಳಿ. ನೂರು ಜನಕ್ಕೆ ಅನ್ನವಾಗುವ ಕೊಪ್ಪರಿಗೆಯನ್ನು ಊರ ದೇವಸ್ಥಾನಕ್ಕೆ ತಾವೇ ನಿಂತು ಕೊಡುವುದಕ್ಕೂ ಗುಜರಿಯ ತಕ್ಕಡಿಗೆ ಬೀಳುವುದಕ್ಕೂ ಅವರ ಪಾಲಿಗೆ ಬಹಳ ವ್ಯತ್ಯಾಸವಿದೆ. ಮೊಮ್ಮಗಳ ಮದುವೆಗೆ ಅಂತ ಒಂದೆರಡು ಎತ್ತಿಟ್ಟಾರು, ಇಡಲಿ. ಎರಡು ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿ ದಿನದ ಅಡುಗೆಗೇ ತನ್ನಿ. ಕಲಾಯಿಯಿಲ್ಲದೆ ಹುಳಿ ಪದಾರ್ಥ ಮಾತ್ರ ಬೇಯಿಸಬೇಡಿ.

ಹಳೇ ಹತ್ತಿ ಸೀರೆಗಳಿಗೆ ಕೌದಿಗಿಂತ ಒಳ್ಳೆಯ ಗತಿ ಇಲ್ಲ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಗೆ ಈಗ ದೂರದೂರಿನಲ್ಲೂ ಹೆಸರಿದೆ. ನಿಮ್ಮೂರಲ್ಲೇ ಹೊಲಿಯುವವರು ಸಿಕ್ಕರೆ ಇನ್ನೂ ಸುಲಭ. ರೇಷ್ಮೆ ಸೀರೆಯನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಹಳೇ ಬಿಳಿ ಪಂಚೆಯಲ್ಲಿ ಸುತ್ತಿ, ಆಗಾಗ ಮಡಿಕೆ ಬದಲಿಸಿ, ನುಸಿಗುಳಿಗೆ ಜರಿಗೆ ತಾಗದಂತೆ ಇಡಿ. ಯಾವ ಸೀರೆ ಕೊಡುವ ಮೊದಲೂ ಪದರ ಪದರ ಬಿಡಿಸಿ ನೋಡಿ. ಸಾಸಿವೆ ಡಬ್ಬಿ, ಅಕ್ಕಿ ಡಬ್ಬಿಯನ್ನೂ ಅಷ್ಟೇ. 2016ರ ನವೆಂಬರಿನಲ್ಲಿ ರದ್ದಾದ ನೋಟುಗಳು ಈಗಲೂ ಅಂಥ ಜಾಗದಿಂದ ಬೀಳುತ್ತವೆ, ಅವಕ್ಕೆ ಬೆಲೆಯಿಲ್ಲ. 2023ರಲ್ಲಿ ಹಿಂದಕ್ಕೆ ಪಡೆದ 2,000 ರೂಪಾಯಿ ನೋಟು ಸಿಕ್ಕರೆ ಮಾತ್ರ ಬಿಸಾಡಬೇಡಿ, ರಿಸರ್ವ್ ಬ್ಯಾಂಕಿನ ಬೆಂಗಳೂರು ಕಚೇರಿಯಲ್ಲಿ ವಿಚಾರಿಸಿ.

ಕಾಗದಪತ್ರದ ಟ್ರಂಕನ್ನು ರದ್ದಿಗೆ ಹಾಕುವ ಯೋಚನೆ ಇದ್ದರೆ ಅಲ್ಲೇ ಬಿಡಿ. ಕ್ರಯಪತ್ರ, ವಿಭಾಗಪತ್ರ, ಕಂದಾಯ ರಸೀದಿ, ಕೈಬರಹದ ಹಳೇ ಪಹಣಿ, 1974ರ ಭೂಸುಧಾರಣೆಯ ನಂತರದ ಗೇಣಿ ಅರ್ಜಿ, ಭೂನ್ಯಾಯ ಮಂಡಳಿಯ ಆದೇಶ: ಮಲೆನಾಡಿನ ಮನೆಗಳಲ್ಲಿ ಇವೆಲ್ಲ ಲಗ್ನಪತ್ರಿಕೆ, ಔಷಧಿ ಚೀಟಿಗಳ ಮಧ್ಯೆ ಕಲೆತಿರುತ್ತವೆ. ಜಮೀನು ಮಾರಿ ಆಗಿದ್ದರೂ ಇವನ್ನು ತಿಳಿದವರಿಗೆ ತೋರಿಸದೆ ಎಸೆಯಬೇಡಿ.

ನಿಮ್ಮ ಪತ್ರ ಓದಿದರೆ ಅತ್ತೆಯದು ಕಾಯಿಲೆಯೆಂದು ನನಗೆ ಅನಿಸುವುದಿಲ್ಲ. ಆದರೆ ಹಾಲಿನ ಖಾಲಿ ಕವರು, ಹಳಸಿದ ಅನ್ನದಂಥದ್ದನ್ನೂ ಹೊಸದಾಗಿ ಕೂಡಿಡತೊಡಗಿದರೆ, ಇಟ್ಟದ್ದು ಎಲ್ಲಿ ಎಂದು ದಿನವೂ ಮರೆಯತೊಡಗಿದರೆ ವೈದ್ಯರಿಗೆ ತೋರಿಸಿ. ವಸ್ತು ಕೂಡಿಡುವ ಗೀಳನ್ನು ಮನೋವೈದ್ಯರು 2013ರಿಂದ ಪ್ರತ್ಯೇಕ ಕಾಯಿಲೆಯೆಂದೇ ಗುರುತಿಸುತ್ತಾರೆ, ಮರೆವಿನ ಕಾಯಿಲೆಯಲ್ಲೂ ಇಂಥದ್ದು ಕಾಣಿಸಿಕೊಳ್ಳುತ್ತದೆ. ಅಕ್ಕಪಕ್ಕದವರಿಗೆ ತಿಳಿಯುವುದು ಬೇಡವೆನಿಸಿದರೆ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಡ.

ಇನ್ನು ನಿಮ್ಮ ಯಜಮಾನರು. ಆ ಲಾಫ್ಟಿನಲ್ಲಿ ಅವರ ಕಾಲೇಜಿನ ನೋಟ್ಸು, ಕೆಟ್ಟ ಮಾನಿಟರು, ಹಳೇ ಮೊಬೈಲು, ಅವುಗಳ ಖಾಲಿ ಡಬ್ಬಿ ಇಲ್ಲವೆಂದು ನೀವು ಬರೆದಿಲ್ಲ, ಬರೆದಿದ್ದರೂ ನಾನು ನಂಬುತ್ತಿರಲಿಲ್ಲ. ವಿಂಗಡಿಸುವ ಕೆಲಸ ಅಲ್ಲಿಂದ ಶುರುವಾಗಲಿ, ಅತ್ತೆ ಕುರ್ಚಿ ಹಾಕಿಕೊಂಡು ನೋಡುತ್ತಿರುವಾಗಲೇ. ಆಮೇಲೆ ನಿಮ್ಮ ಬೀರು. ಅತ್ತೆಯ ಟ್ರಂಕಿನ ಸರದಿ ಕೊನೆಗೆ. ಉಬ್ಬಿದ ಬ್ಯಾಟರಿಗಳನ್ನು ಗುಜರಿಗೂ ಕಸದ ಗಾಡಿಗೂ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಪ್ಪಿಸುವುದು, ಏಣಿ ಹತ್ತಿ ಪಾತ್ರೆ ಇಳಿಸುವುದು, ದೇವಸ್ಥಾನಕ್ಕೆ ಕೊಪ್ಪರಿಗೆ ಸಾಗಿಸುವುದು, ಈ ಮೂರೂ ಯಜಮಾನರ ಪಾಲಿಗೆ. ಒಪ್ಪದಿದ್ದರೆ ಈ ಪುಟವನ್ನು ತೋರಿಸಿ.