ಅಂಕ ಕುಸಿದಾಗ ಮಗು ಕುಸಿಯದಿರಲು ಏಳು ಹೆಜ್ಜೆ

ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೇ ಮಲೆನಾಡಿಗೆ ಮಳೆ ಹಿಡಿಯುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಮಕ್ಕಳಿಗೆ ವರ್ಷದ ಮೊದಲ ತಿಂಗಳುಗಳೆಂದರೆ ಮಳೆ ರಜೆ, ಕೈಕೊಡುವ ಕರೆಂಟು, ತಡವಾಗುವ ಬಸ್ಸು. ಮಳೆ ಬಿಟ್ಟ ಮೇಲೆ ಅಡಿಕೆ ಕೊಯ್ಲು, ಸುಲಿಗೆ. ಹಳದಿ ಎಲೆ ರೋಗವೋ ಎಲೆಚುಕ್ಕಿ ರೋಗವೋ ತೋಟಕ್ಕೆ ಬಿದ್ದ ಮನೆಯಲ್ಲಿ ದೊಡ್ಡವರ ಚಿಂತೆ ಮಕ್ಕಳ ಕಿವಿಗೂ ಬೀಳುತ್ತದೆ. ಇಷ್ಟರ ನಡುವೆ, ಶೆಟ್ಟಿಕೊಪ್ಪದಂಥ ಊರಿನಲ್ಲಿ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಪೇಟೆಯ ಕಾಲೇಜಿನಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರುತ್ತಾಳೆ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದವಳು ಮೊದಲ ಕಿರುಪರೀಕ್ಷೆಯಲ್ಲೇ ಫೇಲಾಗುತ್ತಾಳೆ.

ಇಂಥ ಪೆಟ್ಟು ತಿಂದ ಒಬ್ಬರು ವಾರದೊಳಗೆ ಮತ್ತೆ ಪುಸ್ತಕ ಹಿಡಿಯುತ್ತಾರೆ, ಇನ್ನೊಬ್ಬರು ‘ನನಗೆ ಓದು ಹತ್ತುವುದಿಲ್ಲ’ ಎಂದು ಕೈಬಿಡುತ್ತಾರೆ. ಈ ವ್ಯತ್ಯಾಸ ಹುಟ್ಟಿನಿಂದ ಬಂದದ್ದೆಂದು ಬಹಳ ಜನ ನಂಬಿದ್ದಾರೆ. ಮನಶ್ಶಾಸ್ತ್ರ ಹೇಳುವುದು ಬೇರೆ. ಆಸ್ಟ್ರೇಲಿಯಾದ ಆಂಡ್ರ್ಯೂ ಮಾರ್ಟಿನ್ ಮತ್ತು ಹರ್ಬರ್ಟ್ ಮಾರ್ಷ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಓದಿನ ಹಿನ್ನಡೆಯಿಂದ ಎದ್ದು ನಿಲ್ಲುವ ಶಕ್ತಿಯ ಹಿಂದೆ ಐದು ಅಂಶಗಳನ್ನು ಗುರುತಿಸಿದರು: ನನ್ನಿಂದಾಗುತ್ತದೆ ಎಂಬ ವಿಶ್ವಾಸ, ಯೋಜನೆ, ಫಲಿತಾಂಶ ನನ್ನ ಹಿಡಿತದಲ್ಲಿದೆ ಎಂಬ ಭಾವ, ಆತಂಕವಿಲ್ಲದ ಮನಸ್ಸು, ಪಟ್ಟು ಬಿಡದ ಪ್ರಯತ್ನ. ಐದನ್ನೂ ಮನೆಯಲ್ಲಿ, ಶಾಲೆಯಲ್ಲಿ ಬೆಳೆಸಬಹುದು. ಹೇಗೆಂಬುದು ಇಲ್ಲಿದೆ.

1. ಮೊದಲು ಜೊತೆಗಿರಿ, ಬುದ್ಧಿಮಾತು ಆಮೇಲೆ

ಅಂಕಪಟ್ಟಿ ಕೈಗೆ ಬಂದ ದಿನ ಪಾಠ ಹೇಳಲು ಹೋಗಬೇಡಿ. ಪಕ್ಕದ ಮನೆಯ ಮಗುವಿನ ಅಂಕ ಕೇಳಬೇಡಿ. ‘ಬೇಜಾರಾಗಿದೆಯಲ್ಲ ಪುಟ್ಟಾ, ಊಟ ಮಾಡು, ಆಮೇಲೊಂದು ದಿನ ಕೂತು ನೋಡೋಣ’ ಎಂದರೆ ಆ ದಿನಕ್ಕೆ ಸಾಕು.

ಇದು ಬರೀ ಸಮಾಧಾನದ ಮಾತಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಅವರ ಸಹೋದ್ಯೋಗಿಗಳು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯ ಜಗಳ, ಪೋಷಕರ ಕಾಯಿಲೆಗಳ ನಡುವೆ ಬೆಳೆದವರಲ್ಲೂ ಸುಮಾರು ಮೂರನೇ ಒಂದು ಭಾಗದ ಮಕ್ಕಳು ಗಟ್ಟಿ ಬದುಕು ಕಟ್ಟಿಕೊಂಡರು. ಅವರಲ್ಲಿ ಮತ್ತೆ ಮತ್ತೆ ಕಂಡ ಒಂದು ಸಂಗತಿ, ಬೆನ್ನಿಗೆ ನಿಂತ ಒಬ್ಬ ಹಿರಿಯರು ಇದ್ದದ್ದು. ಆ ಹಿರಿಯರು ಅಜ್ಜಿ, ಚಿಕ್ಕಪ್ಪ, ಮೇಷ್ಟ್ರು ಯಾರೂ ಆಗಬಹುದು. ನಿಮ್ಮ ಮಗುವಿಗೆ ಅಂಥವರು ಯಾರೆಂದು ಇಂದೇ ಯೋಚಿಸಿ.

2. ಕಾರಣಕ್ಕೆ ಸರಿಯಾದ ಹೆಸರು ಕೊಡಿ

ಸೋಲಿಗೆ ಮಗು ಕೊಟ್ಟುಕೊಳ್ಳುವ ಕಾರಣವೇ ಮುಂದಿನ ನಡೆಯನ್ನು ನಿರ್ಧರಿಸುತ್ತದೆ. ಇದನ್ನು ವಿವರವಾಗಿ ಅಧ್ಯಯನ ಮಾಡಿದವರು ಬರ್ನಾರ್ಡ್ ವೈನರ್. ‘ನಾನು ದಡ್ಡ’ ಎಂದುಕೊಂಡರೆ ಮಾಡಲು ಏನೂ ಉಳಿಯುವುದಿಲ್ಲ. ‘ಈ ಅಧ್ಯಾಯದ ಲೆಕ್ಕ ಅಭ್ಯಾಸ ಮಾಡಿರಲಿಲ್ಲ’ ಎಂದುಕೊಂಡರೆ ನಾಳೆಗೆ ಕೆಲಸ ಸಿಗುತ್ತದೆ.

ಎರಡು ದಿನ ಬಿಟ್ಟು ಉತ್ತರ ಪತ್ರಿಕೆ ತೆರೆದು ಕೂರಿ. ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಓದಿರಲಿಲ್ಲ, ಓದಿದ್ದೂ ಮರೆತೆ, ಸಮಯ ಸಾಲಲಿಲ್ಲ, ಪ್ರಶ್ನೆಯ ಭಾಷೆಯೇ ಅರ್ಥವಾಗಲಿಲ್ಲ. ಕಳೆದುಹೋದ ಒಂದೊಂದು ಅಂಕವನ್ನೂ ಇವುಗಳಲ್ಲೊಂದಕ್ಕೆ ಹಾಕಿ. ಕನ್ನಡ ಮಾಧ್ಯಮದಿಂದ ಬಂದವರ ನಾಲ್ಕನೇ ಕಾಲಂ ತುಂಬಿಕೊಂಡರೆ ಅದು ಪದಗಳ ಕೊರತೆ, ಬುದ್ಧಿಯ ಕೊರತೆಯಲ್ಲ. ದಿನಕ್ಕೆ ಐದು ಪಾರಿಭಾಷಿಕ ಪದಗಳನ್ನು ಕನ್ನಡ ಅರ್ಥದೊಂದಿಗೆ ಬರೆದುಕೊಳ್ಳುವ ನೋಟ್‌ಬುಕ್ ಮಾಡಿದರೆ ತಿಂಗಳಿಗೆ ನೂರೈವತ್ತು ಪದವಾಗುತ್ತದೆ.

3. ಕೈಗೆಟುಕುವ ಗೆಲುವಿನಿಂದ ಶುರು ಮಾಡಿಸಿ

‘ನನ್ನಿಂದಾಗುತ್ತದೆ’ ಎಂಬ ನಂಬಿಕೆಯ ಬಗ್ಗೆ ಆಲ್ಬರ್ಟ್ ಬಂಡೂರಾ 1977ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಅದಕ್ಕೆ ನಾಲ್ಕು ಮೂಲಗಳಿವೆ: ಸ್ವಂತ ಗೆಲುವಿನ ಅನುಭವ, ತನ್ನಂಥವರು ಗೆದ್ದದ್ದನ್ನು ಕಾಣುವುದು, ನಂಬುವವರ ಪ್ರೋತ್ಸಾಹ, ದೇಹ-ಮನಸ್ಸಿನ ಸ್ಥಿತಿ. ನಾಲ್ಕರಲ್ಲಿ ಸ್ವಂತ ಗೆಲುವಿನದೇ ಹೆಚ್ಚು ಬಲ.

ಆದ್ದರಿಂದ ಗಣಿತದಲ್ಲಿ ಬಿದ್ದ ಮಗುವಿಗೆ ಕಷ್ಟದ ಲೆಕ್ಕವನ್ನೇ ಮುಂದಿಡಬೇಡಿ. ಮಾಡಬಲ್ಲ ಐದು ಲೆಕ್ಕದಿಂದ ಆರಂಭಿಸಿ, ದಿನಕ್ಕೊಂದು ಕಷ್ಟದ ಲೆಕ್ಕ ಸೇರಿಸುತ್ತ ಹೋಗಿ. ಜೊತೆಗೆ, ನಿಮ್ಮೂರಿನದೇ ಶಾಲೆಯಲ್ಲಿ ಓದಿ, ಮೊದಲ ವರ್ಷ ತಡವರಿಸಿ, ಈಗ ಡಿಗ್ರಿಯಲ್ಲೋ ಡಿಪ್ಲೊಮಾದಲ್ಲೋ ಇರುವ ಅಕ್ಕನನ್ನೋ ಅಣ್ಣನನ್ನೋ ಒಂದು ಭಾನುವಾರ ಮನೆಗೆ ಕರೆಯಿರಿ. ರ‍್ಯಾಂಕ್ ಬಂದವರ ಭಾಷಣಕ್ಕಿಂತ ಅವರ ಮಾತು ಹೆಚ್ಚು ತಾಗುತ್ತದೆ.

4. ಮಳೆ ನೋಡಿ ವೇಳಾಪಟ್ಟಿ ಹಾಕಿ

ಪೇಟೆಯ ಟ್ಯೂಷನ್ ಮಕ್ಕಳ ವೇಳಾಪಟ್ಟಿ ಮಲೆನಾಡಿನ ಮನೆಗೆ ಹೊಂದುವುದಿಲ್ಲ. ಅದು ಮೂರನೇ ದಿನಕ್ಕೆ ಮುರಿದುಬಿದ್ದರೆ ಮಗುವಿಗೆ ಇನ್ನೊಂದು ಸೋಲು. ‘ಹೀಗಾದರೆ ಹೀಗೆ’ ಎಂದು ಮೊದಲೇ ಬರೆದಿಟ್ಟ ಯೋಜನೆ ಬರೀ ಸಂಕಲ್ಪಕ್ಕಿಂತ ಹೆಚ್ಚು ನಡೆಯುತ್ತದೆಂದು ಪೀಟರ್ ಗೋಲ್‌ವಿಟ್ಜರ್ ತೋರಿಸಿದ್ದಾರೆ. ನಮ್ಮ ಮನೆಗಳಿಗೆ ಹೀಗೆ ಬರೆಯಬಹುದು:

• ಸಂಜೆ ಕರೆಂಟು ಹೋದರೆ, ಬೆಳಿಗ್ಗೆ ಓದಿದ್ದನ್ನು ಅಮ್ಮನಿಗೆ ಬಾಯಲ್ಲಿ ಹೇಳುತ್ತೇನೆ.
• ಮಳೆ ರಜೆ ಸಿಕ್ಕರೆ, ಮಧ್ಯಾಹ್ನದ ಊಟಕ್ಕೆ ಮುಂಚೆ ಬಾಕಿ ಇರುವ ಒಂದು ಪಾಠ ಮುಗಿಸುತ್ತೇನೆ.
• ಬಸ್ಸು ತಡವಾದರೆ, ಪದಗಳ ನೋಟ್‌ಬುಕ್ ತೆಗೆಯುತ್ತೇನೆ.
• ನೆಟ್‌ವರ್ಕ್ ಸಿಗದಿದ್ದರೆ, ಪಠ್ಯಪುಸ್ತಕದ ಅಭ್ಯಾಸ ಪ್ರಶ್ನೆ ಮಾಡುತ್ತೇನೆ.

ಕೊಯ್ಲಿನ ದಿನಗಳಲ್ಲಿ ಮಕ್ಕಳು ಮನೆಗೆಲಸಕ್ಕೆ ಕೈಹಾಕುವುದು ಸಹಜ. ಆದರೆ ಹತ್ತನೇ ತರಗತಿ, ಪಿಯುಸಿ ಮಕ್ಕಳ ಓದಿನ ಎರಡು ಗಂಟೆಯನ್ನು ಸುಲಿಗೆಯ ಕೆಲಸ ನುಂಗಬಾರದು. ಇದು ಮನೆಯವರೆಲ್ಲ ಸೇರಿ ಮಾಡಿಕೊಳ್ಳಬೇಕಾದ ಕಟ್ಟುನಿಟ್ಟು.

5. ಪುಸ್ತಕ ಮುಚ್ಚಿ ಓದಲು ಕಲಿಸಿ

ಪಟ್ಟು ಹಿಡಿದು ಓದಿದರೂ ಅಂಕ ಬಾರದಿದ್ದರೆ ಪಟ್ಟು ಸಡಿಲಾಗುತ್ತದೆ. ಹಾಗಾಗಿ ಓದುವ ಕ್ರಮವೂ ಮುಖ್ಯ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ನಡೆಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ, ಓದಿದ್ದನ್ನು ನೆನಪಿನಿಂದ ಬರೆದು ನೋಡಿಕೊಂಡಿದ್ದವರು ಅವರನ್ನು ಹಿಂದೆ ಹಾಕಿದರು.

ಒಂದು ಪುಟ ಓದಿ, ಪುಸ್ತಕ ಮುಚ್ಚಿ, ನೆನಪಾದಷ್ಟು ಬರೆದು, ತೆರೆದು ತಪ್ಪು ನೋಡಿಕೊಳ್ಳುವುದು ಇದರ ಸರಳ ರೂಪ. ಮೂರು ದಿನ, ಒಂದು ವಾರ ಬಿಟ್ಟು ಮತ್ತೆ ಬರೆದು ನೋಡಬೇಕು. ಪರೀಕ್ಷಾ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆಗಳನ್ನೂ ಹೀಗೆ ಗಡಿಯಾರ ಇಟ್ಟುಕೊಂಡೇ ಬಿಡಿಸಲಿ.

6. ಪರೀಕ್ಷೆಯ ಭಯವನ್ನು ಕಾಗದಕ್ಕೆ ಇಳಿಸಿ

‘ಹೆದರಬೇಡ’ ಎಂದರೆ ಹೆದರಿಕೆ ಹೋಗುವುದಿಲ್ಲ. ಜೆರಾರ್ಡೊ ರಾಮಿರೆಜ್ ಮತ್ತು ಸಯಾನ್ ಬೈಲಾಕ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೆ ತುಸು ಮೊದಲು ಹತ್ತು ನಿಮಿಷ ತಮ್ಮ ಆತಂಕವನ್ನು ಬರೆದ, ಸದಾ ಪರೀಕ್ಷೆಗೆ ಅಂಜುವ ವಿದ್ಯಾರ್ಥಿಗಳ ಅಂಕ ಸುಧಾರಿಸಿತು. ಪರೀಕ್ಷೆಯ ಬೆಳಿಗ್ಗೆ ಮನಸ್ಸಿನಲ್ಲಿರುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಲು ಬಿಡಿ. ಅದನ್ನು ಯಾರೂ ಓದಬಾರದು. ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವುದನ್ನು ಬಿಡಿಸಿ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗಲು ನಿದ್ದೆಯೇ ಬೇಕು.

7. ಹೊಗಳುವಾಗ ಎಚ್ಚರವಿರಲಿ

ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನ ಐದನೇ ತರಗತಿಯ ಮಕ್ಕಳ ಮೇಲೆ ನಡೆದದ್ದು. ‘ನೀನು ಬುದ್ಧಿವಂತ’ ಎಂದು ಹೊಗಳಿಸಿಕೊಂಡವರು ಮುಂದೆ ಕಷ್ಟದ ಪ್ರಶ್ನೆಯಲ್ಲಿ ಸೋತಾಗ ಬೇಗ ಉತ್ಸಾಹ ಕಳೆದುಕೊಂಡರು. ‘ಚೆನ್ನಾಗಿ ಶ್ರಮಪಟ್ಟೆ’ ಎಂದು ಹೊಗಳಿಸಿಕೊಂಡವರು ಮತ್ತೂ ಪ್ರಯತ್ನಿಸಿದರು. ಅಂಕ ಹೇಳಿ ಹೊಗಳುವ ಬದಲು, ಮಾಡಿದ ಕೆಲಸ ಹೇಳಿ ಹೊಗಳಿ: ‘ತಪ್ಪಾದ ಲೆಕ್ಕವನ್ನು ಮೂರು ಸಲ ಬಿಡಿಸಿದೆಯಲ್ಲ, ಅದು ದೊಡ್ಡದು.’

ಫೇಲಾದರೆ ದಾರಿ ಮುಚ್ಚಿಲ್ಲ

ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಅವಕಾಶವಿದೆ. ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದು. ಉತ್ತರ ಪತ್ರಿಕೆಯ ಛಾಯಾಪ್ರತಿ ಪಡೆದು ಮರುಮೌಲ್ಯಮಾಪನಕ್ಕೂ ಅರ್ಜಿ ಹಾಕಬಹುದು. ಕೊನೆಯ ದಿನಾಂಕಗಳನ್ನು ಫಲಿತಾಂಶ ಬಂದ ದಿನವೇ ಶಾಲೆಯಲ್ಲಿ ವಿಚಾರಿಸಿ.

ಎರಡು ವಾರ ಕಳೆದರೂ ಮಗು ಸರಿಯಾಗಿ ಉಣ್ಣದೆ, ಮಲಗದೆ, ಯಾರೊಡನೆಯೂ ಸೇರದೆ ಇದ್ದರೆ ವೈದ್ಯರನ್ನು ಕಾಣಿ. ‘ಬದುಕೇ ಬೇಡ’ ಎಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಒಂಟಿಯಾಗಿ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳ ಸಹಾಯವಾಣಿ 1098.

ಮನಸ್ಸು ಗಟ್ಟಿ ಮಾಡಿಕೋ ಎಂದು ಮಕ್ಕಳಿಗೆ ಮಾತ್ರ ಹೇಳಿ ದೊಡ್ಡವರು ಸುಮ್ಮನಾಗುವುದು ನ್ಯಾಯವಲ್ಲ. ಮಳೆಯಲ್ಲಿ ತಪ್ಪಿದ ಪಾಠಗಳನ್ನು ತುಂಬಿಕೊಡುವ, ಪಿಯುಸಿಯ ಮೊದಲ ತಿಂಗಳಲ್ಲಿ ಕನ್ನಡ ಮಾಧ್ಯಮದವರಿಗೆ ಪದಗಳನ್ನು ಕಲಿಸುವ ಕೆಲಸ ಶಾಲೆ-ಕಾಲೇಜುಗಳದ್ದು. ಮುಂದಿನ ಪೋಷಕರ ಸಭೆಯಲ್ಲಿ ಈ ಎರಡನ್ನೂ ಕೇಳಿ. ಅದಕ್ಕೂ ಮೊದಲು, ಈ ವಾರವೇ ಮಗುವಿನ ಹಳೆಯ ಉತ್ತರ ಪತ್ರಿಕೆಯೊಂದನ್ನು ತೆರೆದು, ನಾಲ್ಕು ಕಾಲಂ ಎಳೆದು, ಜೊತೆಗೆ ಕೂರಿ.