ಅಕ್ಷರಗುಂಡು

ಕಾರಣ ತಿಳಿಯದ ಸಂಗತಿಯನ್ನು ಆಂಗ್ಲಭಾಷೆಯಲ್ಲಿ ‘ಮಿಸ್ಟರಿ’ ಎನ್ನುವರು. ಈ ಪದದ ಮೂಲ ಗ್ರೀಕ್. ಅಲ್ಲಿ ಅದು ದೀಕ್ಷೆ ಪಡೆದವರಿಗೆ ಮಾತ್ರ ತಿಳಿದ ಗುಪ್ತಾಚರಣೆಯ ಹೆಸರು. ಕಣ್ಣು ಅಥವಾ ತುಟಿಗಳನ್ನು ಮುಚ್ಚುವುದೆಂಬುದು ಅದರ ಧಾತ್ವರ್ಥವೆಂದು ಹೇಳುವರು.

ಚಳ್ಳಕೆರೆಗೆ ಉತ್ತರದಲ್ಲಿರುವ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಂತಹ ರಹಸ್ಯವೊಂದಿತ್ತು. ಅಲ್ಲಿಯ ಬಂಡೆಯೊಂದರ ಮೇಲಿನ ಬರಹವನ್ನು ಓದಬಲ್ಲವರಿರಲಿಲ್ಲ. ಜನರು ಅದನ್ನು ‘ಅಕ್ಷರಗುಂಡು’ ಎಂದು ಕರೆದು, ಅದಕ್ಕೆ ರೋಗ ನಿವಾರಿಸುವ ಶಕ್ತಿಯುಂಟೆಂದು ನಂಬಿದ್ದರು. ಜೇಮ್ಸ್ ಪ್ರಿನ್ಸೆಪ್ ಅವರು 1837ರಲ್ಲಿಯೇ ಬ್ರಾಹ್ಮೀ ಲಿಪಿಯನ್ನು ಓದಿ ತೋರಿಸಿದ್ದರು. 1892ರಲ್ಲಿ ಬಿ. ಎಲ್. ರೈಸ್ ಅವರು ಈ ಬರಹವನ್ನು ಶೋಧಿಸಿದಾಗ, ಅದು ಅಶೋಕನ ಶಾಸನವೆಂದು ತಿಳಿದುಬಂದಿತು. ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯ, ಗುರುಭಕ್ತಿ ಇವೇ ಅದರಲ್ಲಿದ್ದ ಉಪದೇಶ.

ಬಂಡೆ ಶತಮಾನಗಳಿಂದ ತೆರೆದೇ ಇತ್ತು; ಓದುವ ಕಣ್ಣು ಮಾತ್ರ ಮುಚ್ಚಿತ್ತು.