ಸಾಕವ್ವನೂ ಅವರೇ, ಗುಲಾಬಿಯೂ ಅವರೇ



ಸಿನಿಮಾ ಅಂದ್ರೆ ನಾವು ಹೀರೋ, ಹೀರೋಯಿನ್ ಹೆಸರು ಮಾತ್ರ ಹೇಳುತ್ತೇವೆ. ತಾಯಿ, ಅತ್ತೆ, ಜಗಳಗಂಟಿ, ಕೆಲಸದವಳು, ಇಂಥ ಪಾರ್ಟು ಮಾಡುವವರನ್ನು ಪೋಷಕ ನಟಿ ಎನ್ನುತ್ತಾರೆ. ಪೋಷಿಸುವುದು ಎಂದರೆ ಸಾಕುವುದು. ಅವರು ಕಥೆಯನ್ನು ಸಾಕುತ್ತಾರೆ ಅಂತ ನನ್ನ ಅರ್ಥ.

ಉಮಾಶ್ರೀಯವರು ಅಂಥವರು. ನಮ್ಮ ಲೈನ್‌ಮನೆಗಳಲ್ಲಿ ‘ಪುಟ್ಟಕ್ಕ’ ಎಂದರೇ ಗೊತ್ತು. 2021ರಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುವ ತಾಯಿ ಅವರೇ.

ಇವರು ಹುಟ್ಟಿದ್ದು 1957ರಲ್ಲಿ, ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ. ನಾಟಕದಲ್ಲಿ ದೊಡ್ಡ ಹೆಸರು ತಂದದ್ದು ‘ಒಡಲಾಳ’. ದೇವನೂರ ಮಹಾದೇವ ಅವರ ಕಥೆ, ಸಿ.ಜಿ. ಕೃಷ್ಣಸ್ವಾಮಿಯವರ ನಿರ್ದೇಶನ. ಅದರಲ್ಲಿ ಸಾಕವ್ವ ಎಂಬ ಬಡ ಮುದುಕಿ ಕಳೆದುಹೋದ ತನ್ನ ಹುಂಜವನ್ನು ಹುಡುಕುತ್ತಾಳೆ. ಉಮಾಶ್ರೀಯವರಿಗೆ ಆಗಿನ್ನೂ ಚಿಕ್ಕ ವಯಸ್ಸು! ನಮ್ಮ ವಾರ್ಷಿಕೋತ್ಸವದ ನಾಟಕದಲ್ಲಿ ಮುದುಕಿ ಪಾರ್ಟಿಗೆ ಯಾರೂ ಒಪ್ಪಲ್ಲ, ಎಲ್ಲರೂ ನಗ್ತಾರೆ ಅಂತ. ಈ ಸಲ ಅದು ನನಗೆ ಬಂದಿದೆ, ನಾನು ಮಾಡ್ತೀನಿ.

ಸಿನಿಮಾದವರು ಮಾತ್ರ ಇವರಲ್ಲಿ ಸಾಕವ್ವನನ್ನು ಬೇಗ ಕಾಣಲಿಲ್ಲ. 1984ರ ಕಾಶೀನಾಥರ ‘ಅನುಭವ’ದ ನಂತರ ಹೆಚ್ಚಾಗಿ ನಗಿಸುವ ಪಾರ್ಟುಗಳೇ ಬಂದವು. ಕೆಲವು ಮಾತು ಮನೆಯಲ್ಲಿ ಎಲ್ಲರ ಜೊತೆ ಕೂತು ಕೇಳುವ ಹಾಗಿಲ್ಲ. ಆದರೂ ನಗಿಸುವುದು ಸುಲಭ ಅಲ್ಲ.

ಆಮೇಲೆ ‘ಗುಲಾಬಿ ಟಾಕೀಸ್’ ಬಂತು. ವೈದೇಹಿಯವರ ಕಥೆ, ಗಿರೀಶ್ ಕಾಸರವಳ್ಳಿಯವರ ನಿರ್ದೇಶನ. ಗುಲಾಬಿ ಕುಂದಾಪುರದ ಕಡೆಯ ಮೀನುಗಾರರ ಊರಿನ ಸೂಲಗಿತ್ತಿ, ಮುಸ್ಲಿಂ ಹೆಂಗಸು. ಗಂಡ ಬಿಟ್ಟುಹೋಗಿದ್ದಾನೆ. ಸಿನಿಮಾ ಅಂದ್ರೆ ಪ್ರಾಣ. ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಟಿವಿ, ಡಿಶ್ ಸಿಗುತ್ತದೆ. ಊರ ಹೆಂಗಸರು ಅವಳ ಮನೆಗೆ ಬರತೊಡಗುತ್ತಾರೆ, ಕೆಲವರು ಒಳಗೆ ಬರದೆ ಹೊರಗೇ ನಿಂತು ನೋಡುತ್ತಾರೆ. ಕಾರ್ಗಿಲ್ ಯುದ್ಧದ ಹೊತ್ತಿಗೆ ಊರಿನ ಮನಸ್ಸು ಒಡೆಯುತ್ತದೆ. ಕೊನೆಗೆ ಗುಲಾಬಿಯೇ ಊರು ಬಿಡಬೇಕಾಗುತ್ತದೆ. ಅವಳ ಟಿವಿ ನೋಡಿದವರೇ ಅವಳನ್ನು ಉಳಿಸಿಕೊಳ್ಳಲಿಲ್ಲವಲ್ಲ ಎಂದು ನನಗೆ ಸಿಟ್ಟು ಬಂತು.

ನಾಟಕದಲ್ಲಿ ಕೊನೇ ಸಾಲಿಗೂ ಕೇಳುವಂತೆ ಮಾತಾಡಬೇಕು. ಸಿನಿಮಾದಲ್ಲಿ ಕ್ಯಾಮರಾ ಮುಖದ ಹತ್ತಿರವೇ ಬರುವುದರಿಂದ ಕಣ್ಣೇ ಮಾತಾಡಬೇಕು. ಇವರಿಗೆ ಎರಡೂ ಬರುತ್ತದೆ. ಗುಲಾಬಿ ಪಾತ್ರಕ್ಕೆ 2007ನೇ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ಪೋಷಕ ನಟಿ ಅಂತಲ್ಲ, ಶ್ರೇಷ್ಠ ನಟಿ ಅಂತಲೇ.

2013ರಲ್ಲಿ ತೇರದಾಳದಿಂದ ಗೆದ್ದು ಕನ್ನಡ ಮತ್ತು ಸಂಸ್ಕೃತಿ ಸಚಿವರೂ ಆದರು. 2024ರ ಜನವರಿಯಲ್ಲಿ ಹೊನ್ನಾವರದಲ್ಲಿ ಯಕ್ಷಗಾನದ ವೇಷ ಕಟ್ಟಿದರು. ಆಗ ಅವರಿಗೆ 66 ವರ್ಷ. ಪಾತ್ರ ಯಾವುದು ಗೊತ್ತಾ? ಗೂನುಬೆನ್ನಿನ ಮಂಥರೆ.